ಎಡಭುಜದ ಮೆತ್ತೆ

ಆ ಊರಿಗೆ ಕಾಲಿಟ್ಟ ಮೊದಲನೇ ದಿನವೇ ನಾನು ಮದುವೆ ಬ್ಯಾಂಡಿನವನೊಬ್ಬನಿಗೆ ನನ್ನ ಪರವಾನಗಿ ಕಾಗದ ತೋರಿಸಿ, ಎರಡೂ ಕೈ ಮುಗಿದು ನಿಂತಿದ್ದೆ. ಅವನ ಕೆಂಪು ಕೋಟು, ಭುಜದ ಮೇಲಿನ ಜರಿ, ಎದೆಯ ಮೇಲೆ ಎರಡು ಸಾಲು ಹಿತ್ತಾಳೆ ಗುಂಡಿ ನೋಡಿ, ಇವನು ಕಲೆಕ್ಟರನಿಗೂ ಮೇಲಿನವನೇ ಇರಬೇಕು ಅಂದುಕೊಂಡೆ. ಅವನು ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಅದರಲ್ಲೇ ತನ್ನ ಪೀಪಿಯ ಎಂಜಲು ಒರೆಸಿ ವಾಪಸು ಕೊಟ್ಟ. ಅವನ ಮುಖ ಹೇಗಿತ್ತು ಅಂತ ಕೇಳಿದರೆ ಈಗಲೂ ಹೇಳುತ್ತೇನೆ: ಉಬ್ಬುಹಲ್ಲು, ಎಡಗೆನ್ನೆಯ ಮೇಲೊಂದು ನರೂಲಿ. ಅಲ್ಲೇ ನನಗೆ ತಿಳಿಯಬೇಕಿತ್ತು. ಆ ಊರಿನಲ್ಲಿ ನಿಜವಾದ ಸರ್ಕಾರಿ ಮನುಷ್ಯನ ಮುಖ ಯಾರಿಗೂ ಕಾಣುವುದಿಲ್ಲ.

ಮುಖವೇ ಇಲ್ಲ ಅಂತಲ್ಲ. ಟೋಪಿಯ ಕೆಳಗೆ ಏನೋ ಇರುತ್ತದೆ, ನೀವು ನೋಡುತ್ತೀರಿ, ಆದರೆ ನೋಡಿದ್ದು ನಿಲ್ಲುವುದಿಲ್ಲ. ಎಣ್ಣೆ ಕೈಯಿಂದ ಸೂಜಿ ಜಾರಿದ ಹಾಗೆ ಜಾರಿಹೋಗುತ್ತದೆ. ಧ್ವನಿಯೂ ಅಷ್ಟೇ, ಎಲ್ಲರದೂ ಒಂದೇ. ಕೋಟು ಬಿಚ್ಚಿದರೆ ಮನುಷ್ಯ, ತೊಟ್ಟರೆ ಬರೀ ಕೋಟು. ಯಾಕೆ ಹೀಗೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮ ಓಣಿಗೆ ನಲ್ಲಿ ನೀರು ಯಾಕೆ ಎಂಟು ದಿನಕ್ಕೊಮ್ಮೆ ಬರುತ್ತದೆ ಅಂತ ನಾವು ಯಾರನ್ನಾದರೂ ಕೇಳುತ್ತೇವಾ? ಕೊಡ ತುಂಬಿಟ್ಟುಕೊಳ್ಳುತ್ತೇವೆ, ಅಷ್ಟೇ.

ನಾನು ಯಮುನಾಬಾಯಿ, ಗದಗಿನವಳು. ಜಾತಿಯಲ್ಲೂ ಸಿಂಪಿ, ಕಸುಬಿನಲ್ಲೂ ಸಿಂಪಿ. ನಲವತ್ತು ವರ್ಷ ಹೊಲಿದದ್ದು ಬರೀ ಯೂನಿಫಾರ್ಮು. ಶಾಲೆ ಮಕ್ಕಳದು, ಕಂಡಕ್ಟರರದು, ದವಾಖಾನೆ ಆಯಾಗಳದು. ಖಾಕಿಯಲ್ಲಿ ಎಷ್ಟು ಥರದ ಖಾಕಿ ಇದೆ ಅಂತ ಕಣ್ಣು ಮುಚ್ಚಿ, ಬಟ್ಟೆ ಮುಟ್ಟಿ ಹೇಳುತ್ತಿದ್ದೆ. ಅಂಥವಳು ಪರದೇಶಕ್ಕೆ ಹೋಗಿ ಪೀಪಿಯವನಿಗೆ ಕೈ ಮುಗಿದೆ. ನನ್ನ ಗಂಡ ಬದುಕಿದ್ದಿದ್ದರೆ ಸಾಯೋವರೆಗೂ ಆಡಿಕೊಂಡು ನಗುತ್ತಿದ್ದ.

ನಿಜ ಹೇಳಬೇಕೆಂದರೆ, ಬ್ಯಾಂಡಿನವನಿಗಿಂತ ಮುಂಚೆ ನಿಜವಾದ ಅಧಿಕಾರಿಯೊಬ್ಬನನ್ನು ದಾಟಿಯೇ ಬಂದಿದ್ದೆ. ರೈಲು ನಿಲ್ಲುವ ಕಡೆ ಗಡಿ ಕಚೇರಿ; ಅಲ್ಲಿ ಹಸಿರು ಕೋಟಿನ ಮೂವರು ಮೂರು ಕಟ್ಟೆಯ ಹಿಂದೆ ನಿಂತಿದ್ದರು. ನನ್ನ ಸಾಲಿನವನ ಮುಖ ನನಗೆ ಕಾಣಲಿಲ್ಲ. ನನ್ನ ಕಣ್ಣೇ ಸರಿಯಿಲ್ಲವಲ್ಲ, ಅದರದೇ ದೋಷ ಅಂದುಕೊಂಡೆ. ಅವನು ನನ್ನ ಕಾಗದ ಹಿಡಿದುಕೊಂಡು ನಿಂತೇಬಿಟ್ಟ. ಯಾಕೆ ಬಂದಿರಿ ಅಂತ ಕೇಳಿದ. ಹಡಗಿನಲ್ಲಿ ಬಾಯಿಪಾಠ ಮಾಡಿದ್ದ ಅವರ ಭಾಷೆಯ ಮಾತು ಒಪ್ಪಿಸಿದೆ: "ತಮ್ಮನನ್ನು ಹುಡುಕಲು." ಮತ್ತೆ ಕಾಗದ ನೋಡುತ್ತಾ ನಿಂತ. ಹಿಂದಿನವರು ಗೊಣಗಾಡಲು ಶುರುಮಾಡಿದರು. ಕೊನೆಗೆ ಕಾಗದದ ಮೇಲೆ ಹತ್ತು ದಿನ ಅಂತ ಬರೆದು, ನನ್ನ ಚೀಲದ ಮೇಲೆ ಬಿಳೀ ಸೀಮೆಸುಣ್ಣದಲ್ಲಿ ಎರಡು ಅಡ್ಡಗೆರೆಯ ಒಂದು ಕತ್ತರಿ ಗುರುತು ಎಳೆದು, "ಮುಂದೆ ನಡೀರಿ" ಅಂದ. ಕೂರಿ ಅನ್ನಲಿಲ್ಲ, ಬನ್ನಿ ಅನ್ನಲಿಲ್ಲ. ಎರಡು ರೈಲು, ಒಂದು ಹಡಗು ಹತ್ತಿ ಬಂದ ಮೈ ನನ್ನದು, ರೇಗಿಹೋಯಿತು. ಅವನಿಗೆ ತಿಳಿಯುವುದಿಲ್ಲವಲ್ಲ ಅಂತ ನಮ್ಮ ಭಾಷೆಯಲ್ಲೇ ಅಂದೆ, "ಎಂಥಾ ಒರಟ ಅದಾನ ಇವ! ಸಾಕಿದಾಕಿ ಎರಡು ಚೊಲೋ ಮಾತು ಕಲಿಸಿಲ್ಲ ಇವಂಗ." ಅಂದು, ಚೀಲ ಎತ್ತಿಕೊಂಡು ನಡೆದೆ.

ನಾನು ಇಳಿದುಕೊಂಡಿದ್ದು ಓಲ್ಮ ಎಂಬಾಕೆಯ ಮನೆಯಲ್ಲಿ. ನನ್ನ ವಾರಿಗೆಯವಳೇ, ದಪ್ಪ ಹೆಂಗಸು, ಪರಊರಿನವರಿಗೆ ಊಟ ಹಾಸಿಗೆ ಕೊಡುತ್ತಿದ್ದಳು. ನಮ್ಮ ಕಡೆಯ ಅಭ್ಯಾಸ, ನಾನು ಓಲ್ಮವ್ವಾ ಅಂತಿದ್ದೆ, ಅವಳೂ ಓ ಅಂತಿದ್ದಳು. ಅವಳು ಆಡಿದ್ದು ಅವರ ಭಾಷೆ. ಸಾಲದ್ದಕ್ಕೆ ಕೈ, ಕಣ್ಣು, ಸೌಟು. ನನಗೆ ತಿಳಿದಷ್ಟನ್ನು ಗದಗಿನ ಮಾತಿನಲ್ಲೇ ಹೇಳುತ್ತೇನೆ, ಯಾಕೆಂದರೆ ನನ್ನ ಕಿವಿಗೆ ಅದು ಹಾಗೇ ಕೇಳಿಸಿದ್ದು. ನನ್ನ ಕಾಗದ ನೋಡಿ ಅವಳು ಹುಬ್ಬೇರಿಸಿದಳು. "ಹತ್ತು ದಿನಾ? ಮೂರರ ಮ್ಯಾಲೆ ಯಾರಿಗೂ ಕೊಡೂದಿಲ್ಲವ್ವಾ ಅವರು. ನಿನ್ನ ದೈವ ಚೊಲೋ ಐತಿ."

ಬ್ಯಾಂಡಿನವನ ಕಥೆ ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅಡುಗೆಮನೆಯಲ್ಲಿ ಕೂಡಿಸಿ ಬಣ್ಣ ಕಲಿಸಿದಳು. ಒಲೆಯ ಬೂದಿ ತೋರಿಸಿ, ಇದು ರೈಲಿನವರ ಬಣ್ಣ ಅಂದಳು. ಸೀದ ರೊಟ್ಟಿ ಎತ್ತಿ, ಇದು ಅಂಚೆಯವರದು. ಸೊಪ್ಪು ಗಡಿಯವರದು. ಹಾಲು ದವಾಖಾನೆಯವರದು. ಮಸಿ ಹಿಡಿದ ತಪ್ಪಲೆಯ ತಳ ಪೊಲೀಸರದು. ಜರಿ, ಹೊಳೆಯುವ ಗುಂಡಿ ಇದ್ದರೆ ಅವನು ಬ್ಯಾಂಡಿನವನು, ಇಲ್ಲವೇ ಮಿಠಾಯಿ ಮಾರುವವನು. "ಎಷ್ಟು ಹೊಳೀತದೋ ಅಷ್ಟು ಸಣ್ಣ ಮನುಷ್ಯಾ. ಖರೇ ಅಧಿಕಾರದ್ದು ಹೊಳೆಯಂಗಿಲ್ಲ," ಅಂದಳು. ನಲವತ್ತು ವರ್ಷ ಯೂನಿಫಾರ್ಮು ಹೊಲಿದ ನನಗೆ ಈ ಮಾತು ಹೊಸದು.

ಆ ಊರಿನ ಜನ ಹೊಂದಿಕೊಂಡ ಬಗೆ ನೋಡಬೇಕಿತ್ತು. ಚಿಕ್ಕ ಮಕ್ಕಳು ದಾರಿಯಲ್ಲಿ ಯಾವ ಯೂನಿಫಾರ್ಮು ಕಂಡರೂ "ಅಪ್ಪಾ" ಅನ್ನುತ್ತವೆ. ಯಾವುದಕ್ಕೂ ಇರಲಿ ಅಂತ. ಯೂನಿಫಾರ್ಮಿನವರೂ ಎಲ್ಲಾ ಮಕ್ಕಳ ತಲೆ ಸವರಿ ಮುಂದೆ ಹೋಗುತ್ತಾರೆ. ಪ್ರತಿ ಮನೆಯ ಬಾಗಿಲ ಒಳಗೆ ಒಂದು ಗೂಟ. ಸಂಜೆ ಬಂದವನು ಮೊದಲು ಕೋಟು ಗೂಟಕ್ಕೆ ಹಾಕಬೇಕು, ಆಮೇಲೆ ಮನೆಯವರು ತಿರುಗಿ ನೋಡುತ್ತಾರೆ. ಒಮ್ಮೊಮ್ಮೆ ಕೋಟು ಬಿಚ್ಚಿದರೆ ಪಕ್ಕದ ಮನೆಯವನು ಇರುತ್ತಾನಂತೆ. ಬಂದದ್ದು ಬಂದೆ, ಚಹಾ ಕುಡಿದು ಹೋಗು ಅಂತ ಕಳಿಸುತ್ತಾರಂತೆ. ಯೂನಿಫಾರ್ಮಿನಲ್ಲಿ ಇರುವವನನ್ನು ಹೆಸರು ಹಿಡಿದು ಕರೆಯುವುದು ಮಾತ್ರ ಆ ಊರಿನಲ್ಲಿ ದೊಡ್ಡ ತಪ್ಪು. ನಡುಬೀದಿಯಲ್ಲಿ ಒಬ್ಬನ ಅಂಗಿ ಎಳೆದಷ್ಟೇ ತಪ್ಪು. ಇದನ್ನು ಓಲ್ಮ ನನಗೆ ಮೊದಲ ದಿನವೇ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ನನ್ನ ತಮ್ಮನ ವಿಚಾರ. ಗಜಾನನ ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಅವನ ಐದನೇ ವಯಸ್ಸಿಗೆ ಅವ್ವ ಹೋದಳು. ಅಲ್ಲಿಂದ ಮುಂದೆ ಅವನಿಗೆ ಅಕ್ಕನೂ ನಾನೇ, ಅವ್ವನೂ ನಾನೇ. ಏಳನೇ ವಯಸ್ಸಿಗೆ ಹುಣಸೆ ಮರದಿಂದ ಬಿದ್ದ. ನೋಡಿಕೊಳ್ಳಬೇಕಾದವಳು ನಾನು, ಗಿರಾಕಿಯ ಅವಸರಕ್ಕೆ ಕಾಜ ಹಾಕುತ್ತಾ ಕೂತಿದ್ದೆ. ಮೂಳೆ ಕೂಡಿತು, ಆದರೆ ಎಡಭುಜ ಮುಕ್ಕಾಲು ಇಂಚು ಇಳಿದೇಹೋಯಿತು. ಮುಂದೆ ಹದಿನೈದು ವರ್ಷ ಅವನ ಪ್ರತಿ ಅಂಗಿಯನ್ನೂ ನಾನೇ ಕತ್ತರಿಸಿದೆ. ಎಡಕ್ಕೆ ಮುಕ್ಕಾಲು ಇಂಚು ಇಳಿಸಿ ಹೊಲಿದರೆ ಅಂಗಿ ಮೈಮೇಲೆ ಹೂವಿನ ಹಾಗೆ ಕೂರುತ್ತಿತ್ತು. ನಮ್ಮ ಅಂಗಡಿಯಲ್ಲಿ ಎರಡು ಗುರುತು ಇದ್ದವು, ಅವ್ವನ ಕಾಲದಿಂದ ಬಂದದ್ದು. ಬಿಚ್ಚಿ ಹೊಲಿಯಬೇಕಾದ ಬಟ್ಟೆಗೆ ಸೀಮೆಸುಣ್ಣದಲ್ಲಿ ಕತ್ತರಿ ಗುರುತು. ಮೈಗೆ ಸರಿಯಾಗಿದೆ, ಇನ್ನು ಮುಟ್ಟಬೇಡಿ ಅನ್ನುವುದಕ್ಕೆ ಒಳಮೈಗೆ ಅರ್ಧಚಂದ್ರ. ಗಜ್ಯಾನ ಅಂಗಿಗೆಲ್ಲ ನಾನು ಅರ್ಧಚಂದ್ರ ಹಾಕಿಯೇ ಕೊಡುತ್ತಿದ್ದೆ.

ಇಪ್ಪತ್ತೆರಡನೇ ವಯಸ್ಸಿಗೆ ಅವನಿಗೆ ಖಾಕಿ ನೌಕರಿಯ ಭರ್ತಿಗೆ ಕರೆ ಬಂತು. ಎತ್ತರ ಇತ್ತು, ಎದೆ ಇತ್ತು, ಓಟ ಇತ್ತು. ಭುಜ ಒಂದು ನೋಡಿಬಿಟ್ಟರೆ ಏನು ಗತಿ ಅಂತ ನನಗೇ ಹೆದರಿಕೆ. ಅವನು ಕೇಳಿರಲಿಲ್ಲ, ನಾನೇ ಕೂತು, ಅವ್ವನ ಹಳೇ ಸೀರೆಯ ಸೆರಗಿನ ತುಂಡಿನಲ್ಲಿ ಹತ್ತಿ ತುಂಬಿ ಒಂದು ಮೆತ್ತೆ ಹೊಲಿದೆ. ಹೊಸ ಅಂಗಿಯ ಎಡಭುಜದ ಒಳಗೆ ಕೂಡಿಸಿದೆ. ಎರಡೂ ಭುಜ ತಕ್ಕಡಿ ಹಾಗೆ ಸಮ ಬಂದವು. "ಅಕ್ಕಾ, ಇದು ಬೇಕೇನ?" ಅಂದ. "ಸುಮ್ಮನ ಹಾಕ್ಕೋ, ನಿನಗೇನ ತಿಳೀತದ," ಅಂದೆ. ಮೈದಾನದಲ್ಲಿ ಎದೆ ಅಳೆಯುವುದಕ್ಕೆ ಅಂಗಿ ಬಿಚ್ಚಿಸುತ್ತಾರೆ ಅನ್ನುವುದು ಊರಿಗೆಲ್ಲ ಗೊತ್ತು. ಯೂನಿಫಾರ್ಮು ಹೊಲಿಯುವ ನನಗೆ ಮಾತ್ರ ಹೊಳೆಯಲಿಲ್ಲ. ನನಗೆ ತೊಡಿಸುವುದು ಗೊತ್ತು, ಬಿಚ್ಚಿಸುವುದು ಗೊತ್ತಿರಲಿಲ್ಲ. ಭರ್ತಿಗೆ ಬಂದಿದ್ದ ಹುಡುಗರು ಆ ಮೆತ್ತೆ ಕಿತ್ತು, ಚೆಂಡಿನ ಹಾಗೆ ಒಬ್ಬರಿಂದೊಬ್ಬರಿಗೆ ಎಸೆದಾಡಿದರಂತೆ. ಸಂಜೆ ಮನೆಗೆ ಬಂದವನು ಅದನ್ನು ತಂದು ನನ್ನ ಮಷಿನ್ನಿನ ಮೇಲಿಟ್ಟ. ಸಿಟ್ಟಿನಲ್ಲಿ ಅನ್ನಲಿಲ್ಲ, ಮೆಲ್ಲಗೆ ಅಂದ: "ಅಕ್ಕಾ, ನನ್ನ ಭುಜ ಸೊಟ್ಟ ಐತಂತ ನನಗ ಗೊತ್ತಿತ್ತು. ಅದಕ್ಕ ನೀ ನಾಚತಿದ್ದಿ ಅಂತ ಇವತ್ತ ಗೊತ್ತಾತು."

ಎಂಟು ದಿನದಲ್ಲಿ ಮನೆ ಬಿಟ್ಟ. ಮೆತ್ತೆಯೂ ಎಲ್ಲೋ ಕಾಣೆಯಾಯಿತು, ಕಸದಲ್ಲಿ ಹೋಗಿರಬೇಕು ಅಂದುಕೊಂಡೆ. ವರ್ಷದ ಮೇಲೆ ಒಂದೇ ಒಂದು ಪತ್ರ ಬಂತು, ಆ ಊರಿನ ಮುದ್ರೆ ಹೊತ್ತು. "ಯಮುನಕ್ಕಾ, ಇಲ್ಲಿ ನನಗ ಯೂನಿಫಾರ್ಮು ಸಿಕ್ಕೈತಿ. ಇಲ್ಲಿ ಯಾರೂ ನನ್ನ ನೋಡೂದಿಲ್ಲ. ಆರಾಮ ಇದ್ದೀನಿ. ಹುಡುಕಬ್ಯಾಡ." ಯಾರೂ ನೋಡುವುದಿಲ್ಲ ಅನ್ನುವ ಮಾತು ಓದಿ ಇಪ್ಪತ್ತಾರು ವರ್ಷ ಅತ್ತಿದ್ದೇನೆ. ನನ್ನ ತಮ್ಮ ಪರದೇಶದಲ್ಲಿ ದಿಕ್ಕಿಲ್ಲದೆ ಬಿದ್ದಿದ್ದಾನೆ ಅಂತ. ಅವನು ಅದನ್ನು ಸುಖದ ಮಾತಾಗಿ ಬರೆದಿದ್ದ ಅಂತ ಅಲ್ಲಿಗೆ ಹೋದ ಮೇಲೆ ತಿಳಿಯಿತು. ಅವನು ಹುಡುಕಿಕೊಂಡು ಹೋಗಿದ್ದು ಇಂಥ ಊರನ್ನೇ.

ಹೋದ ಸಂಕ್ರಾಂತಿಯ ಹೊತ್ತಿಗೆ ನನ್ನ ಕಣ್ಣು ನೋಡಿದ ಡಾಕ್ಟರು, ಕಣ್ಣಿನ ನರ ಒಣಗುತ್ತಿದೆ, ಇನ್ನೊಂದು ವರ್ಷ ಕಂಡರೆ ಪುಣ್ಯ ಅಂದರು. ಈಗಾಗಲೇ ಪಕ್ಕದಿಂದ ಬರುವ ಮನುಷ್ಯ ಕಾಣುತ್ತಿರಲಿಲ್ಲ. ಗಂಡ ಇಲ್ಲ, ಮಕ್ಕಳಾಗಲಿಲ್ಲ. ಕತ್ತಲಾಗುವುದರೊಳಗೆ ಗಜ್ಯಾನ ಮುಖ ಒಂದು ಸಲ ನೋಡಿಬಿಡಬೇಕು, ತಪ್ಪಾಯಿತಪ್ಪಾ ಅಂತ ಅನ್ನಬೇಕು. ಇಷ್ಟೇ ನನಗೆ ಬೇಕಾಗಿದ್ದು. ಹುಡುಕಿಕೊಂಡು ಬಂದದ್ದು ಮುಖ ಕಾಣದ ಊರಿಗೆ. ದೇವರು ತಮಾಷೆ ಮಾಡುವುದಾದರೆ ಹೀಗೆ ಮಾಡುತ್ತಾನೆ ನೋಡಿ.

ನಾಲ್ಕು ದಿನ ಬೆಳಗಿನಿಂದ ಸಂಜೆಯವರೆಗೆ ಬೀದಿ ಸುತ್ತಿದೆ. ರೈಲಿನವರ ಸಾಲು ನೋಡಿದೆ, ಅಂಚೆಯವರ ಸಾಲು ನೋಡಿದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಭುಜವನ್ನಷ್ಟೇ ನೋಡಿದೆ. ಎಲ್ಲರವೂ ಸಮ. ಸಂಜೆಯಾದರೆ ಬೀದಿಯ ಮನೆಗಳಲ್ಲೆಲ್ಲ ಕೋಟು ಗೂಟಕ್ಕೆ ಬೀಳುವ ಸದ್ದು, ಒಳಗಿನಿಂದ "ಬಂದ್ಯಾ" ಅನ್ನುವ ದನಿ. ನಾನು ಹೊರಗೆ ನಡೆದುಹೋಗುತ್ತಿದ್ದೆ. ನಮ್ಮೂರಲ್ಲೂ ಒಬ್ಬಳೇ ಇದ್ದವಳು ನಾನು, ಆದರೆ ಅಲ್ಲಿ ಪಕ್ಕದ ಮನೆಯ ಕುಕ್ಕರಿನ ಸೀಟಿಯಾದರೂ ನನ್ನ ಗುರುತಿನದು. ಇಲ್ಲಿ ಒಂದು ಸದ್ದೂ ನನ್ನದಲ್ಲ. ರಸ್ತೆ ದಾಟಿಸಿದ ಯೂನಿಫಾರ್ಮಿನವನಿಗೆ ಥ್ಯಾಂಕ್ಸ್ ಅಂದು ತಿರುಗುವುದರೊಳಗೆ ಅವನು ಹೇಗಿದ್ದ ಅನ್ನುವುದು ಮರೆತುಹೋಗುತ್ತಿತ್ತು. ದಿನಕ್ಕೆ ನೂರು ಜನರ ನಡುವೆ ಓಡಾಡಿ ಒಬ್ಬರನ್ನೂ ನೋಡದೆ ಮಲಗುವುದು ಎಂಥಾ ಬೇಸರ ಅಂತ ಹೇಳಿದರೆ ತಿಳಿಯುವುದಿಲ್ಲ.

ಐದನೇ ದಿನ ನನ್ನ ತಾಳ್ಮೆ ತಪ್ಪಿತು. ಗಡಿ ಕಚೇರಿಯ ಅಂಗಳದಲ್ಲಿ ನಲವತ್ತು ಜನ ಹಸಿರು ಕೋಟಿನವರು ಪಾಳಿ ಬದಲಿಸಲು ಸಾಲಾಗಿ ನಿಂತಿದ್ದರು. ನಾನು ಗೇಟಿನ ಸರಳು ಹಿಡಿದು, "ಗಜ್ಯಾ! ಏ ಗಜಾನನಾ! ನಾನೋ, ನಿಮ್ಮ ಯಮುನಕ್ಕಾ!" ಅಂತ ಕೂಗಿಬಿಟ್ಟೆ. ಒಂದು ತಲೆಯೂ ತಿರುಗಲಿಲ್ಲ. ಆದರೆ ಬೀದಿಯಲ್ಲಿದ್ದವರೆಲ್ಲ ತಿರುಗಿದರು. ಹೆಂಗಸರು ಮಕ್ಕಳ ಕಿವಿ ಮುಚ್ಚಿದರು. ಮುದುಕನೊಬ್ಬ ನನ್ನ ಕಡೆ ನೋಡಿ ಥೂ ಅಂತ ಉಗಿದ. ಹಿಂದಿನಿಂದ ಓಡಿಬಂದ ಓಲ್ಮ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಮನೆಗೆ ಬಂದ ಮೇಲೆ ಅವಳು ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಬಾಗಿಲ ಒಳಗಿನ ಗೂಟ ತೋರಿಸಿದಳು. ಅದು ಐದು ದಿನದಿಂದ ಖಾಲಿ ಇದ್ದದ್ದನ್ನು ನಾನು ನೋಡಿಯೂ ಕೇಳಿರಲಿಲ್ಲ. "ನನ್ನ ಗಂಡ ಅಂಚೆಯಾಂವ," ಅಂದಳು. "ಒಂದಿನ ಮೀನು ತರಾಕ ಹೊಂಟಿದ್ದೆ. ದಾರ್ಯಾಗ ಅಂಚೆಯಾಂವ ಒಬ್ಬ ಬಿದ್ದಿದ್ದ, ಜನ ಕೂಡಿದ್ದರು. ಅಯ್ಯೋ ಯಾರ ಗಂಡನೋ ಪಾಪ ಅಂತ ಅಂದು ನಾ ಮುಂದ ಹೋದೆ. ಮೀನು ತಗೊಂಡೆ, ಚೌಕಾಶಿ ಮಾಡಿದೆ. ಮನಿಗೆ ಬಂದ ಮ್ಯಾಲೆ ಹೇಳಿ ಕಳಿಸಿದರು. ಕೋಟು ಬಿಚ್ಚಿದ ಮ್ಯಾಲೇ ಗೊತ್ತಾತಂತ, ಅಂವ ನನ್ನ ಗಂಡ ಅಂತ." ಅವಳೇ ಮುಂದುವರಿಸಿದಳು. "ಹಂಗಂತ ನಾ ಯಾವ ಕೋಟನ್ನೂ ಜಗ್ಗೂದಿಲ್ಲವ್ವಾ. ಬಿಚ್ಚೂದು ಅವರವರಿಗೆ ಬಿಟ್ಟದ್ದು."

ಒಂದು ಸಲ ಮೈದಾನದಲ್ಲಿ ನೂರು ಜನರ ಮುಂದೆ ಅವನ ಮಾನ ಹೋಗಿದ್ದು ನನ್ನಿಂದ. ಇವತ್ತು ಗೇಟಿನಲ್ಲಿ ನಿಂತು ಇನ್ನೊಂದು ಸಲ ಅದನ್ನೇ ಮಾಡಲು ಹೊರಟಿದ್ದೆ. ಮುದುಕಿಯಾದರೂ ಬುದ್ಧಿ ಬರಲಿಲ್ಲ ನನಗೆ.

ಮರುದಿನ ಬೀದಿ ಸುತ್ತಲು ಮನಸ್ಸಾಗಲಿಲ್ಲ. ಯಾವ ಊರಿಗೆ ಹೋದರೂ ಸಿಂಪಿಗಳ ಕಾಲು ಮಷಿನ್ನಿನ ಸದ್ದಿನ ಕಡೆಗೇ ಹೋಗುತ್ತದೆ. ಊರಿನ ಯೂನಿಫಾರ್ಮನ್ನೆಲ್ಲ ಹೊಲಿಯುವ, ಒಗೆಯುವ, ಇಸ್ತ್ರಿ ಮಾಡುವ ದೊಡ್ಡ ಅಂಗಡಿ ಒಂದಿತ್ತು. ಬಾರ್ತು ಅಂತ ಮುದುಕ ದರ್ಜಿ ಅದರ ಯಜಮಾನ. ಅವನ ಕೈಯಲ್ಲಿ ಟೇಪು, ನನ್ನ ಬೆರಳಲ್ಲಿ ಸೂಜಿ ಚುಚ್ಚಿದ ಹಳೇ ಕಲೆಗಳು. ಪರಿಚಯಕ್ಕೆ ಅಷ್ಟು ಸಾಕಾಯಿತು. ನಾನು ಅವನನ್ನು ಬಾರ್ತಜ್ಜ ಅಂದೆ. ಸೊಟ್ಟ ಭುಜದವನೊಬ್ಬನ ಕೋಟು ಹೊಲಿದಿದ್ದೀಯಾ ಅಂತ ಕೇಳಿದರೆ ತಲೆ ಆಡಿಸಿದ. "ಕೋಟು ಎಲ್ಲಾ ಒಂದೇ ಅಳತಿ. ಗಾಡ್ಯಾಗ ಬರತಾವ, ಗಾಡ್ಯಾಗ ಹೋಗತಾವ. ಕೊರಳಪಟ್ಟಿಗೆ ಒಂದು ನಂಬರ ಇರತದ. ಯಾರದು ಅಂತ ನಾ ಕೇಳಾಂವಲ್ಲ."

ಸುಮ್ಮನೆ ಕೂರಲು ಕೈ ಕೇಳಲಿಲ್ಲ. ಬಾರ್ತಜ್ಜ ಒಂದು ರಾಶಿ ಕೋಟು ನನ್ನ ಮುಂದೆ ಹಾಕಿ, ಸಡಿಲ ಗುಂಡಿ ನೋಡು ಅಂದ. ಕಣ್ಣಿನ ಮೇಲೆ ನಂಬಿಕೆ ಇಲ್ಲದ್ದರಿಂದ ಬೆರಳಿನಿಂದಲೇ ನೋಡುತ್ತಾ ಹೋದೆ. ಗುಂಡಿ, ಕಾಜ, ಜೇಬು, ಭುಜ. ಹತ್ತು ಹದಿನೈದು ಕೋಟು ಆಗಿರಬೇಕು. ಒಂದು ಹಸಿರು ಕೋಟಿನ ಎಡಭುಜದ ಒಳಗೆ ಬೆರಳಿಗೆ ಏನೋ ತಡೆಯಿತು. ಒಳಬಟ್ಟೆಯ ಅಸ್ತರಿನ ಹಿಂದೆ ಹತ್ತಿಯ ಮೆತ್ತೆ. ಒತ್ತಿ ಒತ್ತಿ ಸವೆದು ಚಪ್ಪಟೆಯಾಗಿತ್ತು. ಅಸ್ತರು ಎತ್ತಿ ನೋಡಿದೆ. ದಾರದ ಶುರುವಿಗೆ ಒಂದಲ್ಲ, ಎರಡು ಗಂಟು. ಒಂದು ಬಟ್ಟೆಗೆ, ಒಂದು ಉಟ್ಟವರಿಗೆ ಅಂತ ಅವ್ವ ನಮಗೆ ಕಲಿಸಿದ್ದು. ಬೆಳಕಿಗೆ ಹಿಡಿದೆ. ಬಣ್ಣ ಹೋಗಿತ್ತು, ಆದರೂ ಅವ್ವನ ಸೆರಗು ನನಗೆ ಗೊತ್ತಾಗುವುದಿಲ್ಲವೇ? ನನ್ನ ಕೈಯ ಹೊಲಿಗೆ. ನಾನು ಹೊಲಿದ ಮೆತ್ತೆ. ಕಸದಲ್ಲಿ ಹೋಯಿತು ಅಂದುಕೊಂಡದ್ದನ್ನು ಇಪ್ಪತ್ತಾರು ವರ್ಷ ಭುಜದ ಮೇಲೆ ಹೊತ್ತಿದ್ದಾನೆ ನನ್ನ ತಮ್ಮ. ಆ ಕೋಟಿನಲ್ಲಿ ಮುಖ ಹುದುಗಿಸಿ ಅಳುತ್ತಾ ಕೂತೆ. ಅದರಲ್ಲಿ ಸೋಪಿನ ವಾಸನೆ ಬಿಟ್ಟು ಬೇರೆ ವಾಸನೆ ಇರಲಿಲ್ಲ.

ಬಾರ್ತಜ್ಜ ಕೊರಳಪಟ್ಟಿಯ ನಂಬರು ಓದಿ ಗಡ್ಡ ಕೆರೆದುಕೊಂಡ. "ಈ ಕೋಟು ನನ್ನ ಕಡೆ ಎಂದೂ ಬಂದಿಲ್ಲ. ಒಗಿಯೂದು, ಹೊಲಿಯೂದು ಎಲ್ಲಾ ತಾನೇ ಮಾಡ್ಕೋತಿದ್ದ ಅಂತ ಕಾಣತದ. ಇದೇ ಮೊದಲನೇ ಸಲ. ನಾಲ್ಕ ದಿನ ಆತು ಬಂದು." ನಾಲ್ಕು ದಿನ. ನಾನು ಊರಿಗೆ ಬಂದ ಮರುದಿನ.

ಅಲ್ಲಿಯವರೆಗೆ ನಾನು ಹುಡುಕುತ್ತಿದ್ದೇನೆ ಅಂದುಕೊಂಡಿದ್ದೆ. ಅವನಿಗೆ ಮೊದಲೇ ಗೊತ್ತಿತ್ತು. ಅಕ್ಕ ಬಂದಿದ್ದಾಳೆ, ಸಿಂಪಿ ಹೆಂಗಸು ಎಲ್ಲಿಗೆ ಹೋಗುತ್ತಾಳೆ, ಇವತ್ತಲ್ಲ ನಾಳೆ ಹೊಲಿಗೆ ಅಂಗಡಿಗೆ ಬಂದೇ ಬರುತ್ತಾಳೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳಾ? ತಾನು ಬರಲಾರದೆ ಕೋಟು ಕಳಿಸಿದ್ದ. ಒಂದು ಸಂಜೆ ಅದನ್ನು ಗೂಟಕ್ಕೆ ಹಾಕಿ ಓಲ್ಮನ ಮನೆಗೆ ಬರಬಹುದಿತ್ತು. ಬರಲಿಲ್ಲ ಅಂತ ನನಗೆ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕೋಟಿಲ್ಲದೆ ನನ್ನ ಮುಂದೆ ನಿಲ್ಲುವುದೆಂದರೆ ಅವನಿಗೆ ಮತ್ತೆ ಆ ಮೈದಾನದಲ್ಲಿ ನಿಂತ ಹಾಗೇ ಇರಬೇಕು.

ನಾನು ಕತ್ತರಿ ಕೇಳಿದೆ. ಮೆತ್ತೆ ಬಿಚ್ಚಿ, ಎಡಭುಜ ಮುಕ್ಕಾಲು ಇಂಚು ಇಳಿಸಿ ಹೊಲಿಯುತ್ತೇನೆ ಅಂದೆ. ಬಾರ್ತಜ್ಜ ಹೌಹಾರಿಬಿಟ್ಟ. "ಹುಚ್ಚಿಯೇನ ನೀ? ಒಂದು ಭುಜ ಇಳೀತಂದ್ರ ಅಂವ ಯಾರು ಅಂತ ಊರಿಗೆಲ್ಲಾ ಗೊತ್ತಾಗತದ. ಹೋಗ್ತಾ ಬರ್ತಾ ಜನ ಗುರ್ತ ಹಿಡೀತಾರ. ಅಂಥ ಕೋಟು ಯಾಂವ ಹಾಕ್ಕೋತಾನ?"

"ಬ್ಯಾಡಾದ್ರ ಅಂವಾ ಹಾಕ್ಕೊಳ್ಳೂದಿಲ್ಲ," ಅಂದೆ. "ಇನ್ನೊಂದು ಕೋಟು ಇರಬೇಕಲ್ಲ ಅವನ ಕಡೆ. ಅಂದು ನಾ ಅವನ್ನ ಕೇಳದ ಹಾಕಿಸಿದೆ, ಅಜ್ಜಾ. ಈ ಸಲ ಹೊಲಿದು ಕಳಸತೀನಿ. ಹಾಕ್ಕೊಳ್ಳೂದು ಬಿಡೂದು ಅವನಿಗೆ ಬಿಟ್ಟದ್ದು."

ಮುದುಕ ಟೇಪು ಕುತ್ತಿಗೆಯಿಂದ ತೆಗೆದು ನನ್ನ ಮುಂದಿಟ್ಟ. "ನಾ ಉಣ್ಣಾಕ ಹೋಗತೀನಿ. ಬರೂದರೊಳಗ ಕೋಟು ಗಾಡ್ಯಾಗಿರಬೇಕು. ನಾ ಏನೂ ನೋಡಿಲ್ಲ," ಅಂದು ಎದ್ದುಹೋದ.

ಟೇಪು ಬೇಕಾಗಲಿಲ್ಲ. ಆ ಅಳತೆ ನನ್ನ ಬೆರಳಿನಲ್ಲೇ ಇತ್ತು. ತೋಳು ಬಿಚ್ಚಿ, ಭುಜ ಇಳಿಸಿ, ಕಚ್ಚಾ ಹೊಲಿಗೆ ಹಾಕಿ ನೋಡಿ, ಆಮೇಲೆ ಗಟ್ಟಿ ಹೊಲಿಗೆ ಹಾಕಿದೆ. ಸೂಜಿಗೆ ದಾರ ಪೋಣಿಸಲು ಮಾತ್ರ ಅಂಗಡಿಯ ಹೆಂಗಸೊಬ್ಬಳನ್ನು ಕರೆಯಬೇಕಾಯಿತು. ಶುರುವಿಗೆ ಎರಡು ಗಂಟು. ನನ್ನ ನಾಚಿಕೆಯನ್ನು ಅವನು ಹೊತ್ತದ್ದು ಸಾಕು ಅಂತ ಮೆತ್ತೆಯನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಕೋಟಿನ ಒಳಮೈಗೆ, ಕುತ್ತಿಗೆಯ ಕೆಳಗೆ, ಸೀಮೆಸುಣ್ಣದಲ್ಲಿ ಒಂದು ಅರ್ಧಚಂದ್ರ ಬರೆದೆ. ಗಾಡಿ ಬಂತು, ತೆಗೆದುಕೊಂಡು ಹೋಯಿತು.

ಆಮೇಲಿನ ಮೂರು ದಿನ ಹೇಗೆ ಕಳೆದೆ ಅಂತ ಕೇಳಬೇಡಿ. ಗಡಿ ಕಚೇರಿಯ ಕಡೆ ಹೋಗಲಿಲ್ಲ. ಹೋಗಿ ನಿಂತರೆ ಅದೂ ಒಂದು ಥರ ಕೋಟು ಜಗ್ಗಿದ ಹಾಗೆಯೇ. ಓಲ್ಮನ ಹರಿದ ಹಾಸಿಗೆ, ಪರದೆ ಎಲ್ಲ ಹೊಲಿದುಕೊಟ್ಟೆ. ಬೀದಿಯಲ್ಲಿ ಹೆಜ್ಜೆ ಸದ್ದಾದರೆ ಸೂಜಿ ನಿಲ್ಲಿಸಿ ಕೇಳುತ್ತಿದ್ದೆ. ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ಗೂಟ ಖಾಲಿಯೇ ಉಳಿಯಿತು. ಹಾಗಾದರೆ ಅವನು ಕೋಟು ನೋಡಿ ಬಿಸಾಡಿರಬೇಕು, ಹೊಸ ಮೆತ್ತೆ ಹೊಲಿದುಕೊಂಡಿರಬೇಕು ಅಂತ ಹತ್ತನೇ ದಿನ ಬೆಳಿಗ್ಗೆ ಚೀಲ ಕಟ್ಟಿದೆ. ಓಲ್ಮ ದಾರಿಗೆ ರೊಟ್ಟಿ ಕಟ್ಟಿಕೊಟ್ಟು, ಬಾಗಿಲಲ್ಲೇ ನಿಂತಳು. "ಬರತೀನಿ" ಅಂದೆ. "ಹೂಂ" ಅಂದಳು. ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಗಡಿ ಕಚೇರಿಯಲ್ಲಿ ಮೂರು ಕಟ್ಟೆ, ಮೂರು ಸಾಲು. ಎರಡು ಸಾಲಿನಲ್ಲಿ ಜನ ಕಡಿಮೆ, ಒಂದರಲ್ಲಿ ಹೆಚ್ಚು. ಕಟ್ಟೆಯ ಹಿಂದೆ ಮೂರು ಹಸಿರು ಕೋಟು. ಎರಡರ ಭುಜ ಗೆರೆ ಎಳೆದ ಹಾಗೆ ಸಮ. ಮೂರನೆಯದರ ಎಡಭುಜ ಇಳಿದಿತ್ತು. ಮುಕ್ಕಾಲು ಇಂಚು. ಕೋಟು ಮೈಮೇಲೆ ಒಂದು ನೆರಿಗೆ ಇಲ್ಲದೆ ಕೂತಿತ್ತು. ಸಾಲಿನ ಜನ ಆ ಭುಜವನ್ನೇ ನೋಡುತ್ತಾ ಪಿಸುಗುಡುತ್ತಿದ್ದರು. ಅವನು ತಲೆ ತಗ್ಗಿಸದೆ ನಿಂತು ಮುದ್ರೆ ಒತ್ತುತ್ತಿದ್ದ. ನಾನು ಆ ಉದ್ದದ ಸಾಲಿನಲ್ಲಿ ಹೋಗಿ ನಿಂತೆ. ರೈಲು ತಪ್ಪಿದರೆ ತಪ್ಪಲಿ.

ನನ್ನ ಸರದಿ ಬಂತು. ಅದೇ ಕಟ್ಟೆ. ಬಂದ ದಿನ ನಾನು ನಿಂತದ್ದು ಇಲ್ಲೇ. ನನ್ನ ಕಾಗದ ಹಿಡಿದು ನಿಂತೇಬಿಟ್ಟವನು, ಮೂರರ ಬದಲು ಹತ್ತು ದಿನ ಬರೆದವನು. ಅವನ ಮುಂದೆಯೇ ನಾನು, ಸಾಕಿದವಳು ಎರಡು ಚೊಲೋ ಮಾತು ಕಲಿಸಿಲ್ಲ ಅಂದಿದ್ದೆ. ಅಯ್ಯೋ ಶಿವನೇ! ಟೋಪಿಯ ಕೆಳಗೆ ಕಣ್ಣು ಕೀಲಿಸಿ ನೋಡಿದೆ. ಮುಖ ಜಾರಿಹೋಯಿತು. ಮತ್ತೆ ನೋಡಿದೆ, ಮತ್ತೆ ಜಾರಿತು. ಗಜ್ಯಾ ಅನ್ನುವುದು ಗಂಟಲಿಗೆ ಬಂತು. ನುಂಗಿದೆ. ಜೀವಮಾನದಲ್ಲಿ ನಾನು ನುಂಗಿದ ಮಾತು ಅದೊಂದೇ ಇರಬೇಕು.

ಅವನು ಕಾಗದಕ್ಕೆ ಮುದ್ರೆ ಒತ್ತಿದ. ಚೀಲ ತೆರೆಯಲು ಸನ್ನೆ ಮಾಡಿದ. ರೊಟ್ಟಿಯ ಗಂಟು ಸರಿಸಿದ, ಸೀರೆ ಸರಿಸಿದ. ಮೆತ್ತೆ ಅವನ ಕೈಗೆ ಸಿಕ್ಕಿತು. ಅದನ್ನು ಹಿಡಿದು ನಿಂತ. ಹಿಂದಿನವರು ಗೊಣಗಿದರು, ಪಕ್ಕದ ಕಟ್ಟೆಯವನೂ ಈ ಕಡೆ ತಿರುಗಿದ. ವಾಪಸು ಇಟ್ಟುಕೊಳ್ಳುತ್ತಾನೇನೋ ಅಂದುಕೊಂಡೆ. ಇಟ್ಟುಕೊಳ್ಳಲಿಲ್ಲ. ಮೆತ್ತೆಯ ಮೇಲೆ ಒಮ್ಮೆ ಬೆರಳಾಡಿಸಿ, ಅದನ್ನು ನನ್ನ ಸೀರೆಯ ಮಡಿಕೆಯೊಳಗೆ ಜೋಪಾನವಾಗಿ ಇಟ್ಟ. ಚೀಲ ಮುಚ್ಚಿದ. ಸೀಮೆಸುಣ್ಣ ಎತ್ತಿಕೊಂಡು ಮೇಲೆ ಗುರುತು ಹಾಕಿದ. "ಮುಂದೆ ನಡೀರಿ," ಅಂದ, ಎಲ್ಲರಿಗೂ ಅನ್ನುವ ಅದೇ ಧ್ವನಿಯಲ್ಲಿ.

"ತಪ್ಪಾತಪ್ಪಾ," ಅಂದೆ ನಾನು. ಹೆಸರು ಹೇಳಲಿಲ್ಲ. ಯಾವ ಯಾತ್ರಿಕಳೂ ಯಾವ ಅಧಿಕಾರಿಗೂ ಅನ್ನಬಹುದಾದ ಮಾತು. ಇಳಿದ ಭುಜ ಒಂದು ಸಲ ಮೇಲೆದ್ದು ಕೆಳಗಿಳಿಯಿತು. ಅಷ್ಟರಲ್ಲಿ ಹಿಂದಿನವನು ತನ್ನ ಪೆಟ್ಟಿಗೆ ಕಟ್ಟೆಯ ಮೇಲೆ ಇಟ್ಟಾಗಿತ್ತು.

ರೈಲು ಹೊರಟು ಊರು ಹಿಂದೆ ಬಿದ್ದ ಮೇಲೆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಎದುರು ಕೂತವರ ಪೆಟ್ಟಿಗೆಗಳ ಮೇಲೆಲ್ಲ ಕತ್ತರಿ ಗುರುತು, ನಾನು ಬಂದ ದಿನ ನನ್ನ ಚೀಲದ ಮೇಲೂ ಎಳೆದಿದ್ದಂಥದ್ದು. ಹಳೇ ಗುರುತು ಉಜ್ಜಿಹೋಗಿದ್ದ ನನ್ನ ಚೀಲದ ಮೇಲಿನ ಗುರುತು ಮಾತ್ರ ಬೇರೆ ಇತ್ತು. ಕಿಟಕಿಯ ಬೆಳಕಿಗೆ ಹಿಡಿದೆ, ಕಣ್ಣ ಹತ್ತಿರ ತಂದೆ, ಆದರೂ ಸಾಲದೆ ಗೆರೆಯ ಪಕ್ಕದಲ್ಲೇ, ಅಳಿಸಿಹೋಗದ ಹಾಗೆ, ಮೆಲ್ಲಗೆ ಬೆರಳು ಹರಿಸಿ ನೋಡಿದೆ. ಅವ್ವ ಹಾಕುತ್ತಿದ್ದಂಥದೇ ಅರ್ಧಚಂದ್ರ.

ಈಗ ನನಗೆ ಕಣ್ಣು ಹೆಚ್ಚು ಕಾಣುವುದಿಲ್ಲ. ಚೀಲ ಗೂಟಕ್ಕೆ ತೂಗುಹಾಕಿದ್ದೇನೆ, ಬಾಗಿಲ ಒಳಗೆ. ಮನೆ ಕೆಲಸಕ್ಕೆ ಬರುವ ಶಾಂತವ್ವ, "ಚೀಲದ ಮ್ಯಾಲೆ ಏನೋ ಹತ್ತೇತ್ರಿ, ಒರಸಲೇನ?" ಅಂತ ದಿನಾ ಕೇಳುತ್ತಾಳೆ. ಮುಟ್ಟಬ್ಯಾಡವ್ವಾ, ಅದು ಸರಿ ಐತಿ ಅನ್ನುತ್ತೇನೆ.